ಗೂಢಚಾರರ ಕಥೆಯಲ್ಲಿ ಮಾರ್ಥಾಳ ಪಾಲು

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇವತ್ತು ‘ದಿ ಅಮೆರಿಕನ್ಸ್’ ಧಾರಾವಾಹಿಯ ಕಥೆಯನ್ನು ಕೊನೆಯವರೆಗೂ ಬಿಚ್ಚಿಡಲಿದ್ದೇನೆ. ಯಾರು ಸಾಯುತ್ತಾರೆ, ಯಾರು ಉಳಿಯುತ್ತಾರೆ, ಕೊನೆಯ ಕಂತಿನಲ್ಲಿ ಏನಾಗುತ್ತದೆ, ಎಲ್ಲವೂ ಬರುತ್ತದೆ. ಇನ್ನೂ ನೋಡಿಲ್ಲ, ಕಥೆ ಗೊತ್ತಾಗಬಾರದು ಅನ್ನುವವರು ಈಗಲೇ ಎದ್ದು ಹೋಗಬಹುದು. ನನಗೇನೂ ಬೇಜಾರಿಲ್ಲ. ಆದರೆ ಕೂತರೂ ದೊಡ್ಡ ನಷ್ಟವಾಗುವುದಿಲ್ಲ. ಮುಂದೇನು ಅಂತ ಗೊತ್ತಿದ್ದೂ ಎದೆ ಹೊಡೆದುಕೊಳ್ಳುವ ಹಾಗೆ ಮಾಡುವ ಧಾರಾವಾಹಿ ಇದು. ಯಾಕೆ ಹಾಗಾಗುತ್ತದೆ ಅನ್ನುವುದೇ ಇವತ್ತಿನ ವಿಷಯ.

ನೋಡದವರಿಗಾಗಿ ಕಥೆಯ ಎಳೆ ಇಷ್ಟು. ಕಾಲ 1981. ರೊನಾಲ್ಡ್ ರೇಗನ್ ಆಗಷ್ಟೇ ಅಧ್ಯಕ್ಷರಾಗಿದ್ದಾರೆ. ವಾಷಿಂಗ್ಟನ್ ಪಕ್ಕದ ವರ್ಜೀನಿಯಾದಲ್ಲಿ ಫಾಲ್ಸ್ ಚರ್ಚ್ ಅನ್ನುವ ಊರು. ಅಲ್ಲಿ ಫಿಲಿಪ್ ಮತ್ತು ಎಲಿಜಬೆತ್ ಜೆನ್ನಿಂಗ್ಸ್ ಅನ್ನುವ ಗಂಡ ಹೆಂಡತಿ ಇದ್ದಾರೆ. ಟ್ರಾವೆಲ್ ಏಜೆನ್ಸಿ ನಡೆಸುತ್ತಾರೆ. ಮಗಳು ಪೇಜ್, ಮಗ ಹೆನ್ರಿ. ನೋಡಿದರೆ ಅಪ್ಪಟ ಅಮೆರಿಕದ ಸಂಸಾರ. ಆದರೆ ಈ ಇಬ್ಬರೂ ರಷ್ಯಾದಲ್ಲಿ ಹುಟ್ಟಿದವರು, ಸೋವಿಯತ್ ಬೇಹುಗಾರಿಕೆ ಸಂಸ್ಥೆ ಕೆಜಿಬಿಯ ಅಧಿಕಾರಿಗಳು. ಹರೆಯದಲ್ಲೇ ಇಬ್ಬರನ್ನೂ ಆರಿಸಿ, ಜೋಡಿ ಮಾಡಿ, ಅಮೆರಿಕದವರ ಹಾಗೆ ಮಾತಾಡಲು ಕಲಿಸಿ ಕಳಿಸಲಾಗಿದೆ. ಮಕ್ಕಳಿಗೆ ಇದು ಯಾವುದೂ ಗೊತ್ತಿಲ್ಲ. ಹೀಗಿರುವಾಗ ಎದುರು ಮನೆಗೆ ಸ್ಟಾನ್ ಬೀಮನ್ ಅನ್ನುವವನು ಬರುತ್ತಾನೆ. ಅವನು ಎಫ್‌ಬಿಐನಲ್ಲಿ ರಷ್ಯಾದ ಗೂಢಚಾರರನ್ನು ಹಿಡಿಯುವ ವಿಭಾಗದವನು.

ಎದುರು ಮನೆಗೇ ಎಫ್‌ಬಿಐ ಅಧಿಕಾರಿ ಬರುವುದು ಸ್ವಲ್ಪ ಜಾಸ್ತಿಯಾಯಿತು ಅಲ್ವಾ? ನನಗೂ ಮೊದಲು ಹಾಗೇ ಅನಿಸಿತ್ತು. ಕೊನೆಯ ಕಂತಿನ ಹೊತ್ತಿಗೆ ಆ ಕಾಕತಾಳೀಯವನ್ನು ನಾನು ಪೂರ್ತಿ ಕ್ಷಮಿಸಿದ್ದೆ. ಅಲ್ಲಿಗೆ ಆಮೇಲೆ ಬರೋಣ.

ಈ ಧಾರಾವಾಹಿ ಎಫ್‌ಎಕ್ಸ್ ವಾಹಿನಿಯಲ್ಲಿ 2013ರ ಜನವರಿಯಲ್ಲಿ ಶುರುವಾಗಿ 2018ರ ಮೇ ತಿಂಗಳಲ್ಲಿ ಮುಗಿಯಿತು. ಆರು ಸೀಸನ್, 75 ಕಂತು. ನೋಡುಗರು ಯಾವತ್ತೂ ಮುಗಿಬೀಳಲಿಲ್ಲ, ವಿಮರ್ಶಕರು ಮಾತ್ರ ಕೈಬಿಡಲಿಲ್ಲ. ಅವರು ಹೊಗಳಿದ್ದಕ್ಕೆ ಮುಖ್ಯ ಕಾರಣ, ಇದು ಗೂಢಚಾರಿಕೆಯ ವೇಷ ಹಾಕಿದ ಮದುವೆಯ ಕಥೆ ಅನ್ನುವುದು. ಬರೆದವರೂ ಅದನ್ನೇ ಹೇಳಿದ್ದಾರೆ. ಸುಳ್ಳು ಮದುವೆಯೊಂದು ನಿಧಾನವಾಗಿ ನಿಜವಾಗುತ್ತದೆ, ಅದು ಕಥೆಯ ಬೆನ್ನೆಲುಬು. ಒಪ್ಪುತ್ತೇನೆ. ಆದರೆ ಆ ಹೊಗಳಿಕೆಯಲ್ಲಿ ಒಂದು ವಿಷಯ ತಪ್ಪಿಹೋಗುತ್ತದೆ. ಈ ಗಂಡ ಹೆಂಡತಿ ಹತ್ತಿರವಾಗುತ್ತಾ ಹೋಗುವಾಗ, ಅವರ ಕೆಲಸಕ್ಕೆ ಸಿಕ್ಕ ಬೇರೆ ಜನ ಏನಾಗುತ್ತಾರೆ? ಉಳಿದ ಗೂಢಚಾರರ ಕಥೆಗಳಲ್ಲಿ ಈ ಜನ ಒಂದು ದೃಶ್ಯಕ್ಕೆ ಬಂದು ಹೋಗುತ್ತಾರೆ. ಇಲ್ಲಿ ಹೋಗುವುದಿಲ್ಲ. ನಮ್ಮ ಕಣ್ಣೆದುರೇ ಇರುತ್ತಾರೆ, ವರ್ಷಗಟ್ಟಲೆ. ‘ಪಾತ್ರಪ್ರಧಾನ ಥ್ರಿಲ್ಲರ್’ ಅಂತ ಸುಮ್ನೆ ಎಲ್ಲದಕ್ಕೂ ಹಣೆಪಟ್ಟಿ ಹಚ್ಚುತ್ತೇವಲ್ಲ, ನನ್ನ ಲೆಕ್ಕದಲ್ಲಿ ಅದನ್ನು ಅಳೆಯಬೇಕಾದದ್ದು ಇಲ್ಲಿ. ನಾಯಕನ ಮನಸ್ಸು ಎಷ್ಟು ಆಳ ಅಂತ ನೋಡಿದರೆ ಸಾಲದು. ನಾಯಕ ಬಳಸಿ ಬಿಟ್ಟವರಿಗೂ ಒಂದು ಮನಸ್ಸು ಇದೆಯಾ ಅಂತ ನೋಡಬೇಕು.

ಅದಕ್ಕೆ ಮುಂಚೆ ಈ ಕಥೆ ಎಲ್ಲಿಂದ ಬಂತು ಅಂತ ಸ್ವಲ್ಪ ಹೇಳಬೇಕು. 2010ರ ಜೂನ್ 27ರಂದು ಎಫ್‌ಬಿಐ ಅಮೆರಿಕದ ಬೇರೆ ಬೇರೆ ಊರುಗಳಲ್ಲಿ ಹತ್ತು ಜನರನ್ನು ಹಿಡಿಯಿತು. ಎಲ್ಲರೂ ರಷ್ಯಾದ ಗೂಢಚಾರರು. ಹೆಚ್ಚಿನವರು ಸುಳ್ಳು ಹೆಸರಿನಲ್ಲಿ ಬದುಕುತ್ತಿದ್ದರು. ಅವರಲ್ಲಿ ದಂಪತಿಗಳಿದ್ದರು, ಮಕ್ಕಳಿದ್ದರು, ಹುಲ್ಲುಹಾಸಿನ ಮನೆಗಳಿದ್ದವು. ಹದಿನೈದು ದಿನ ಕಳೆಯುವುದರೊಳಗೆ, ಜುಲೈ 9ರಂದು, ವಿಯೆನ್ನಾದ ವಿಮಾನ ನಿಲ್ದಾಣದಲ್ಲಿ ಈ ಹತ್ತು ಜನರನ್ನು ಕೊಟ್ಟು ರಷ್ಯಾದ ಜೈಲಿನಲ್ಲಿದ್ದ ನಾಲ್ವರನ್ನು ಪಡೆದರು. ಅಲ್ಲಿಗೆ ಪತ್ರಿಕೆಗಳ ಮಟ್ಟಿಗೆ ಕಥೆ ಮುಗಿಯಿತು.

ಈ ಸುದ್ದಿಯಿಂದ ಧಾರಾವಾಹಿ ಕಟ್ಟಿದವರು ಜೋ ವೈಸ್‌ಬರ್ಗ್. ಇವರು 1990ರ ದಶಕದ ಆರಂಭದಲ್ಲಿ ಸ್ವತಃ ಅಮೆರಿಕದ ಬೇಹುಗಾರಿಕೆ ಸಂಸ್ಥೆ ಸಿಐಎಯಲ್ಲಿ ಕೆಲಸ ಮಾಡಿದವರು. ಆಮೇಲೆ ಬಿಟ್ಟು ಬರವಣಿಗೆಗೆ ಬಂದರು. ಜೊತೆಗೆ ಜೋಯೆಲ್ ಫೀಲ್ಡ್ಸ್ ಸೇರಿಕೊಂಡರು. ವೈಸ್‌ಬರ್ಗ್ ಮಾಡಿದ ಜಾಣತನದ ಕೆಲಸ ಅಂದರೆ ಕಥೆಯನ್ನು ಮೂವತ್ತು ವರ್ಷ ಹಿಂದಕ್ಕೆ ತಂದದ್ದು. 2010ರಲ್ಲಿ ಸಿಕ್ಕಿಬಿದ್ದ ಗೂಢಚಾರರನ್ನು ಜನ ನೋಡಿ ನಕ್ಕಿದ್ದರು. ಶೀತಲ ಸಮರ ಮುಗಿದ ಮೇಲೂ ಇವರು ಯಾಕೆ ಹೀಗೆ ಒದ್ದಾಡುತ್ತಿದ್ದಾರೆ ಅಂತ. 1981ಕ್ಕೆ ತಂದುಬಿಟ್ಟರೆ ನಗು ನಿಲ್ಲುತ್ತದೆ. ಎರಡೂ ಕಡೆ ಸಾವಿರಾರು ಅಣುಬಾಂಬುಗಳಿವೆ, ಎರಡೂ ಕಡೆಯವರು ತಮ್ಮದೇ ಸರಿ ಅಂತ ನಂಬಿದ್ದಾರೆ.

ಇಲ್ಲಿ ಒಂದು ಚಿಕ್ಕ ಅಡ್ಡ ಮಾತು. ಸಿಐಎ ಬಿಟ್ಟವರು ಏನೇ ಬರೆದರೂ ಪ್ರಕಟಿಸುವ ಮುಂಚೆ ಆ ಸಂಸ್ಥೆಗೆ ತೋರಿಸಬೇಕು. ಅದಕ್ಕೊಂದು ಮಂಡಳಿಯೇ ಇದೆ. ಹಾಗಾಗಿ ಕೆಜಿಬಿ ಗೂಢಚಾರರ ಮೇಲೆ ಪ್ರೀತಿ ಹುಟ್ಟಿಸುವ ಧಾರಾವಾಹಿಯ ಚಿತ್ರಕಥೆಗಳು ಸಿಐಎ ಮೇಜಿನ ಮೇಲೆ ಹಾದುಹೋದವು. ಓದಿದವರ ಮುಖ ಹೇಗಿತ್ತೋ!

ತಮಾಷೆ ಬಿಡಿ. ವೈಸ್‌ಬರ್ಗ್ ಸಿಐಎಯಿಂದ ತಂದದ್ದು ಬಂದೂಕು, ಕ್ಯಾಮೆರಾಗಳ ಜ್ಞಾನ ಅಲ್ಲ. ಅಲ್ಲಿ ಕೆಲಸ ಮಾಡುವವರು ತಮ್ಮ ಮಕ್ಕಳಿಗೇ ಸುಳ್ಳು ಹೇಳುತ್ತಾ ಬದುಕುವುದನ್ನು ಅವರು ಕಂಡಿದ್ದರು. ಅಪ್ಪ ಅಮ್ಮ ಏನು ಕೆಲಸ ಮಾಡುತ್ತಾರೆ ಅಂತ ಮಗುವಿಗೆ ಯಾವತ್ತೋ ಒಂದು ದಿನ ಹೇಳಲೇಬೇಕು. ಯಾವ ವಯಸ್ಸಿಗೆ? ಯಾವ ಮಾತಿನಲ್ಲಿ? ಧಾರಾವಾಹಿಯ ಮುಕ್ಕಾಲು ಪಾಲು ಭಯ ಅಲ್ಲಿಂದ ಬಂದದ್ದು.

ಈಗ ಮಾರ್ಥಾಳ ವಿಷಯಕ್ಕೆ ಬರುತ್ತೇನೆ. ಮಾರ್ಥಾ ಹ್ಯಾನ್ಸನ್ ಎಫ್‌ಬಿಐ ಕಚೇರಿಯಲ್ಲಿ ಕಾರ್ಯದರ್ಶಿ. ಸ್ಟಾನ್‌ನ ಮೇಲಧಿಕಾರಿಯ ಕೋಣೆಯ ಹೊರಗೆ ಕೂರುತ್ತಾಳೆ. ಮದುವೆಯಾಗಿಲ್ಲ, ಒಬ್ಬಳೇ ಇರುತ್ತಾಳೆ. ಕೆಲಸದಲ್ಲಿ ಅಚ್ಚುಕಟ್ಟು. ಅವಳ ಬಳಿಗೆ ಕ್ಲಾರ್ಕ್ ಅನ್ನುವ ಒಬ್ಬ ಮನುಷ್ಯ ಬರುತ್ತಾನೆ. ಕನ್ನಡಕ, ವಿಗ್, ಸಂಕೋಚದ ಮಾತು. ತಾನು ಎಫ್‌ಬಿಐ ಮೇಲೆಯೇ ಕಣ್ಣಿಡುವ ಸರ್ಕಾರಿ ಅಧಿಕಾರಿ ಅನ್ನುತ್ತಾನೆ. ಅವನು ಫಿಲಿಪ್.

ಇದು ಬರಹಗಾರರ ಕಲ್ಪನೆ ಅಂದುಕೊಳ್ಳಬೇಡಿ. ಶೀತಲ ಸಮರದ ಕಾಲದಲ್ಲಿ ಪೂರ್ವ ಜರ್ಮನಿಯ ಬೇಹುಗಾರಿಕೆ ಸಂಸ್ಥೆ ಇದನ್ನು ಒಂದು ಪದ್ಧತಿಯಾಗಿಯೇ ನಡೆಸಿತ್ತು. ಅದರ ಮುಖ್ಯಸ್ಥ ಮಾರ್ಕುಸ್ ವೋಲ್ಫ್. ಪಶ್ಚಿಮ ಜರ್ಮನಿಯ ರಾಜಧಾನಿ ಬಾನ್‌ನ ಸರ್ಕಾರಿ ಕಚೇರಿಗಳಲ್ಲಿ ಒಂಟಿಯಾಗಿದ್ದ ಮಹಿಳಾ ಕಾರ್ಯದರ್ಶಿಗಳನ್ನು ಗುರುತಿಸಿ, ಅವರನ್ನು ಒಲಿಸಿಕೊಳ್ಳಲು ಗಂಡಸರನ್ನು ಕಳಿಸುತ್ತಿದ್ದರು. ಇವರಿಗೆ ರೋಮಿಯೋ ಗೂಢಚಾರರು ಅಂತಲೇ ಹೆಸರು ಬಿತ್ತು. ಒಬ್ಬಾಕೆ ದೈವಭಕ್ತೆ, ತನ್ನ ತಪ್ಪನ್ನು ಪಾದ್ರಿಯ ಮುಂದೆ ಹೇಳಿಕೊಳ್ಳಬೇಕು ಅಂದಾಗ ನಕಲಿ ಪಾದ್ರಿಯನ್ನೇ ತಯಾರು ಮಾಡಿದ್ದೂ ಇದೆ. ಕೆಜಿಬಿಯೂ ಇದೇ ದಾರಿ ಹಿಡಿದಿತ್ತು. ಲಿಯೊನೋರ್ ಸುಟರ್ಲಿನ್ ಅನ್ನುವಾಕೆ ಬಾನ್‌ನ ವಿದೇಶಾಂಗ ಸಚಿವಾಲಯದಲ್ಲಿ ಕಾರ್ಯದರ್ಶಿ. ಗಂಡ ಹೈನ್ಸ್‌ಗಾಗಿ ಕಚೇರಿಯ ಕಾಗದಗಳನ್ನು ಮನೆಗೆ ತರುತ್ತಿದ್ದಳು. 1967ರಲ್ಲಿ ಇಬ್ಬರೂ ಸಿಕ್ಕಿಬಿದ್ದರು. ಕೆಜಿಬಿ ಹೇಳಿದ್ದಕ್ಕೇ ಅವನು ತನ್ನನ್ನು ಮದುವೆಯಾದದ್ದು ಅಂತ ವಿಚಾರಣೆಯಲ್ಲಿ ಅವಳಿಗೆ ಗೊತ್ತಾಯಿತು. ಜೈಲಿನ ಕೋಣೆಯಲ್ಲೇ ನೇಣು ಹಾಕಿಕೊಂಡಳು.

ಗೂಢಚಾರಿಕೆಯ ಇತಿಹಾಸದ ಪುಸ್ತಕಗಳಲ್ಲಿ ಇಂಥವರಿಗೆ ಸಿಗುವುದು ಒಂದು ಪ್ಯಾರಾ. ವೋಲ್ಫ್‌ಗೆ ಸಿಗುವುದು ಇಡೀ ಪುಸ್ತಕ. ‘ದಿ ಅಮೆರಿಕನ್ಸ್’ ಆ ಒಂದು ಪ್ಯಾರಾವನ್ನು ಹಿಡಿದು ಐದು ಸೀಸನ್ ಎಳೆಯುತ್ತದೆ.

ಮೊದಲ ಸೀಸನ್‌ನಲ್ಲಿ ಮಾರ್ಥಾಳನ್ನು ನೋಡಿ ನಗು ಬರುತ್ತದೆ. ಅದನ್ನು ಮುಚ್ಚಿಡುವುದು ಬೇಡ. ಬರೆದವರೂ ನಾವು ನಗಲಿ ಅಂತಲೇ ಬಿಟ್ಟಿದ್ದಾರೆ. ಕ್ಲಾರ್ಕ್‌ನ ವಿಗ್ ಬೇರೆ ಹಾಗಿದೆ. ಆಮೇಲೆ ಮದುವೆ ಬರುತ್ತದೆ. ಮಾರ್ಥಾಳ ಕಡೆಯಿಂದ ಅವಳ ಅಪ್ಪ ಅಮ್ಮ ಬಂದಿದ್ದಾರೆ, ನಿಜವಾದ ಅಪ್ಪ ಅಮ್ಮ. ಹುಡುಗನ ಕಡೆಯಿಂದ ಬಂದವರು ಯಾರು? ಅಮ್ಮನಾಗಿ ಬಂದಿರುವುದು ಕ್ಲಾಡಿಯಾ, ಅಂದರೆ ಕೆಜಿಬಿಯಲ್ಲಿ ಫಿಲಿಪ್‌ಗೆ ಆದೇಶ ಕೊಡುವ ಹೆಂಗಸು. ತಂಗಿಯಾಗಿ ಬಂದಿರುವುದು ಎಲಿಜಬೆತ್. ತನ್ನ ಗಂಡ ಬೇರೆ ಹೆಣ್ಣಿಗೆ ಪ್ರಮಾಣ ಮಾಡುವುದನ್ನು ನಗುಮುಖದಿಂದ ನೋಡುತ್ತಾ ನಿಂತಿದ್ದಾಳೆ. ಎಲಿಜಬೆತ್ ಪಾತ್ರದ ಕೆರಿ ರಸೆಲ್ ಆ ದೃಶ್ಯದಲ್ಲಿ ಹೆಚ್ಚೇನೂ ಮಾಡುವುದಿಲ್ಲ. ನಗು ಅರ್ಧ ಗಳಿಗೆ ತಡವಾಗಿ ಬರುತ್ತದೆ, ಅಷ್ಟೇ. ನಮ್ಮಿಂದ ಅಂಥ ಪ್ರಮಾಣ ಯಾರೂ ಮಾಡಿಸಿರಲಿಲ್ಲ, ಮಾಡಿಸಿದ್ದರೆ ನಮ್ಮ ಬದುಕು ಬೇರೆ ಥರ ಇರುತ್ತಿತ್ತಾ ಅಂತ ಆಮೇಲೆ ಅವಳು ಫಿಲಿಪ್‌ನನ್ನು ಕೇಳುತ್ತಾಳೆ. ಮದುವೆಯ ಕಥೆ ಅನ್ನುವವರಿಗೆ ಇದು ಬಹಳ ಇಷ್ಟದ ದೃಶ್ಯ. ಆದರೆ ಅದೇ ಹೊತ್ತಿಗೆ ಮಾರ್ಥಾ ಎಲ್ಲಿದ್ದಾಳೆ ಅಂತ ಒಂದು ಸಲ ಯೋಚಿಸಿ. ಅವಳು ಮದುವೆಯಾದ ಸಂತೋಷದಲ್ಲಿದ್ದಾಳೆ. ಎಲಿಜಬೆತ್‌ಗೆ ತನ್ನ ಗಂಡನ ಬೆಲೆ ತಿಳಿಯಲಿ ಅಂತ ಮಾರ್ಥಾಳ ಇಡೀ ಜೀವನ ಖರ್ಚಾಗಿದೆ.

ಅಲ್ಲಿಂದ ಮುಂದೆ ಮಾರ್ಥಾ ಗಂಡನಿಗಾಗಿ ಮೇಲಧಿಕಾರಿಯ ಕೋಣೆಯಲ್ಲಿ ಒಂದು ಪೆನ್ನು ಇಡುತ್ತಾಳೆ. ಅದರೊಳಗೆ ಕದ್ದು ಕೇಳುವ ಯಂತ್ರ. ಮೂರನೇ ಸೀಸನ್‌ನಲ್ಲಿ ಪೆನ್ನು ಸಿಕ್ಕಿಬೀಳುತ್ತದೆ, ತನಿಖೆ ಶುರುವಾಗುತ್ತದೆ. ತನಿಖೆಗೆ ಬಂದ ಅಧಿಕಾರಿಯನ್ನು ನೋಡಿದಾಗ ಅವಳಿಗೆ ಹೊಳೆಯುತ್ತದೆ: ಎಫ್‌ಬಿಐ ಮೇಲೆ ಕಣ್ಣಿಡುವ ನಿಜವಾದ ಮನುಷ್ಯ ಇವನು. ಹಾಗಾದರೆ ಮನೆಯಲ್ಲಿರುವವನು ಯಾರು?

ಇಲ್ಲಿ ಒಂದು ದೃಶ್ಯ ಇದೆ, ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮಾರ್ಥಾ ಮಂಚದ ಮೇಲೆ ಕೂತಿದ್ದಾಳೆ. ಊರು ಬಿಟ್ಟು ಅಪ್ಪ ಅಮ್ಮನ ಮನೆಗೆ ಹೋಗಲು ಸಿದ್ಧವಾಗಿದ್ದಾಳೆ. ಫಿಲಿಪ್ ಅವಳ ಎದುರು ನಿಂತು ಮೊದಲು ಕನ್ನಡಕ ತೆಗೆಯುತ್ತಾನೆ. ಆಮೇಲೆ ತಲೆಗೆ ಕೈ ಹಾಕಿ ಪಿನ್ನುಗಳನ್ನು ಒಂದೊಂದಾಗಿ ಬಿಚ್ಚುತ್ತಾನೆ. ವಿಗ್ ಎತ್ತಿ ಪಕ್ಕಕ್ಕೆ ಇಡುತ್ತಾನೆ. ಒಳಗಿನ ಕೂದಲು ಬೆವರಿಗೆ ಅಂಟಿಕೊಂಡಿದೆ. ಮಾತಿಲ್ಲ. ಎರಡು ಸೀಸನ್ ನಮ್ಮನ್ನು ನಗಿಸಿದ ಆ ವಿಗ್ ಈಗ ನೋಡಲಾಗದ ವಸ್ತುವಾಗುತ್ತದೆ. ಮಾರ್ಥಾಳ ಮುಖದಲ್ಲಿ ಭಯ ಕಾಣುತ್ತದೆ ಅಂತ ಕಾಯುತ್ತೇವೆ. ಭಯ ಇದೆ. ಅದರ ಜೊತೆಗೇ ಕೊನೆಗೂ ನಿನ್ನನ್ನು ನೋಡಿದೆ ಅನ್ನುವ ಏನೋ ಒಂದು ಇದೆ. ಅಲಿಸನ್ ರೈಟ್ ಅನ್ನುವ ನಟಿ ಈ ಪಾತ್ರಕ್ಕೆ ಬಂದಾಗ ಅದು ಖಾಯಂ ಪಾತ್ರವೂ ಆಗಿರಲಿಲ್ಲ. ಅವರ ಮುಖ ನೋಡಿಯೇ ಬರಹಗಾರರು ಪಾತ್ರ ಬೆಳೆಸುತ್ತಾ ಹೋದರು ಅಂತ ನನಗೆ ಅನಿಸುತ್ತದೆ.

ಮಾರ್ಥಾಳನ್ನು ಉಳಿಸಲು ಫಿಲಿಪ್ ಇನ್ನೊಬ್ಬನನ್ನು ಕೊಲ್ಲುತ್ತಾನೆ. ಅವಳ ಕಚೇರಿಯಲ್ಲೇ ಕಂಪ್ಯೂಟರ್ ನೋಡಿಕೊಳ್ಳುವ ಜೀನ್ ಅನ್ನುವ ಹುಡುಗ. ಪೆನ್ನು ಇಟ್ಟವನು ಅವನೇ ಅನ್ನಿಸುವ ಹಾಗೆ ಆತ್ಮಹತ್ಯೆಯ ಪತ್ರ ಬರೆದಿಟ್ಟು ಬರುತ್ತಾನೆ. ಅಂದರೆ ಒಬ್ಬಳಿಗೆ ಮಾಡಿದ ಅನ್ಯಾಯ ಮುಚ್ಚಲು ಇನ್ನೊಬ್ಬ ಸಾಯಬೇಕು. ನಾಲ್ಕನೇ ಸೀಸನ್‌ನಲ್ಲಿ ಅದೂ ಸಾಲದೆ ಮಾರ್ಥಾಳನ್ನು ದೇಶದಿಂದಲೇ ಸಾಗಿಸುತ್ತಾರೆ. ಇನ್ನೂ ಬೆಳಕು ಹರಿಯದ ಹೊತ್ತು, ಚಿಕ್ಕದೊಂದು ವಿಮಾನ. ಅವಳಿಗೆ ರಷ್ಯನ್ ಭಾಷೆಯ ಒಂದು ಅಕ್ಷರ ಬರುವುದಿಲ್ಲ. ಮತ್ತೆ ಯಾವತ್ತೂ ಅಪ್ಪ ಅಮ್ಮನನ್ನು ನೋಡುವ ಹಾಗಿಲ್ಲ. ವಿಮಾನ ಹತ್ತುವ ಮುಂಚೆ ಅವಳು ಅವನಿಗೆ ಹೇಳುವ ಮಾತು, ಒಬ್ಬನೇ ಇರಬೇಡ ಅಂತ. ಅವನಿಗೆ ಹೆಂಡತಿ, ಇಬ್ಬರು ಮಕ್ಕಳು ಇದ್ದಾರೆ ಅನ್ನುವುದು ನಮಗೆ ಗೊತ್ತು.

ಬೇರೆ ಯಾವ ಧಾರಾವಾಹಿಯಾದರೂ ಅಲ್ಲಿಗೆ ಬಿಟ್ಟುಬಿಡುತ್ತಿತ್ತು. ವಿಮಾನ ಹಾರಿತು, ಕಣ್ಣೀರು, ಮುಗಿಯಿತು. ಇವರು ಐದನೇ ಸೀಸನ್‌ನಲ್ಲಿ ನಮ್ಮನ್ನು ಮಾಸ್ಕೋದ ಒಂದು ದಿನಸಿ ಅಂಗಡಿಗೆ ಕರೆದುಕೊಂಡು ಹೋಗುತ್ತಾರೆ. ಕಪಾಟುಗಳಲ್ಲಿ ಹೆಚ್ಚೇನೂ ಇಲ್ಲ. ಅಲ್ಲಿ ಮಾರ್ಥಾ ಚೀಲ ಹಿಡಿದು ನಿಂತಿದ್ದಾಳೆ. ಆಮೇಲೆ ಗೇಬ್ರಿಯಲ್ ಅನ್ನುವ ಹಿರಿಯ ಕೆಜಿಬಿ ಅಧಿಕಾರಿ ಅವಳ ಮನೆಗೆ ಬಂದು ಸಮಾಧಾನದ ಮಾತಾಡುತ್ತಾನೆ. ಅವಳಿಗೆ ಈಗ ಎಲ್ಲ ಅರ್ಥವಾಗಿದೆ, ಬಾಗಿಲು ತೋರಿಸುತ್ತಾಳೆ. ಸೀಸನ್ ಕೊನೆಯಲ್ಲಿ ಅವಳನ್ನು ಒಂದು ಮೈದಾನಕ್ಕೆ ಕರೆದೊಯ್ದು, ಅಪ್ಪ ಅಮ್ಮ ಇಲ್ಲದ ಒಂದು ಪುಟ್ಟ ಹುಡುಗಿಯನ್ನು ತೋರಿಸುತ್ತಾರೆ. ಸಾಕಿಕೊಳ್ಳುತ್ತೀಯಾ ಅಂತ. ಇದು ಕರುಣೆಯಾ, ಪರಿಹಾರ ಧನದ ಥರದ್ದಾ? ನಾನು ಎಷ್ಟು ಸಲ ನೋಡಿದರೂ ಒಂದು ನಿರ್ಧಾರಕ್ಕೆ ಬರಲು ಆಗಿಲ್ಲ.

ಇನ್ನು ಎಲಿಜಬೆತ್ ಕಡೆಗೆ ಬರೋಣ. ಇಬ್ಬರಲ್ಲಿ ನಂಬಿಕೆ ಗಟ್ಟಿಯಾಗಿರುವುದು ಅವಳದ್ದೇ. ಫಿಲಿಪ್‌ಗೆ ಅಮೆರಿಕ ಇಷ್ಟವಾಗಿಬಿಟ್ಟಿದೆ. ಅಲ್ಲಿನ ಕಾರು, ಅಲ್ಲಿನ ಬೂಟು, ಅಲ್ಲಿನ ಕುಣಿತ. ಎಲಿಜಬೆತ್ ಕರಗುವವಳಲ್ಲ. ಅದಕ್ಕೇ ಅವಳನ್ನು ಅಲುಗಾಡಿಸುವ ದೃಶ್ಯಗಳು ಹೆಚ್ಚು ಕಾಡುತ್ತವೆ. ಮೂರನೇ ಸೀಸನ್‌ನ ಒಂಬತ್ತನೇ ಕಂತಿನಲ್ಲಿ ಒಂದು ಬರುತ್ತದೆ. ಎಫ್‌ಬಿಐ ಕಚೇರಿಯಲ್ಲಿ ಟಪಾಲು ಹಂಚುವ ಒಂದು ಯಂತ್ರ ಇದೆ, ಚಕ್ರದ ಮೇಲೆ ತಾನೇ ಓಡಾಡುತ್ತದೆ. ಅದು ರಿಪೇರಿಗೆ ಹೋದಾಗ ಒಳಗೆ ಕದ್ದು ಕೇಳುವ ಸಾಧನ ಸೇರಿಸಲು ಇವರಿಬ್ಬರೂ ರಾತ್ರಿ ರಿಪೇರಿ ಅಂಗಡಿಗೆ ನುಗ್ಗುತ್ತಾರೆ. ಯಾರೂ ಇರಬಾರದು. ಆದರೆ ಮಹಡಿಯ ಮೇಲೆ ಬೆಟ್ಟಿ ಅನ್ನುವ ಅಜ್ಜಿ ಲೆಕ್ಕದ ಪುಸ್ತಕ ಹಿಡಿದು ಕೂತಿದ್ದಾಳೆ. ಅಂಗಡಿ ಸತ್ತುಹೋದ ಗಂಡನದ್ದು. ರಾತ್ರಿ ಇಲ್ಲಿ ಕೂತರೆ ಅವನು ಹತ್ತಿರ ಇದ್ದ ಹಾಗೆ ಅನಿಸುತ್ತದೆ ಅಂತ ಬಂದಿದ್ದಾಳೆ.

ಕೆಳಗೆ ಫಿಲಿಪ್ ಯಂತ್ರ ಬಿಚ್ಚುತ್ತಿದ್ದಾನೆ. ಮೇಲೆ ಎಲಿಜಬೆತ್ ಮತ್ತು ಬೆಟ್ಟಿ ಕೂತು ಮಾತಾಡುತ್ತಾರೆ. ಸುಮ್ಮನೆ ಮಾತು. ಅಜ್ಜಿ ಗಂಡನ ಬಗ್ಗೆ ಹೇಳುತ್ತಾಳೆ, ಮಗನ ಬಗ್ಗೆ ಹೇಳುತ್ತಾಳೆ. ಎಲಿಜಬೆತ್ ತಾನು ಎಲ್ಲಿಯವಳು ಅಂತ ನಿಜ ಹೇಳುತ್ತಾಳೆ, ತನ್ನ ಅಮ್ಮನ ಬಗ್ಗೆ ಹೇಳುತ್ತಾಳೆ. ಅವಳ ಅಮ್ಮ ಆಗ ದೂರದ ರಷ್ಯಾದಲ್ಲಿ ಸಾಯುವ ಸ್ಥಿತಿಯಲ್ಲಿದ್ದಾಳೆ, ಇವಳು ಹೋಗುವ ಹಾಗಿಲ್ಲ. ನಿಜ ಹೇಳುತ್ತಿದ್ದಾಳೆ ಅಂದ ತಕ್ಷಣ ಬೆಟ್ಟಿಗೆ ತಿಳಿಯುತ್ತದೆ, ತನ್ನನ್ನು ಉಳಿಸುವುದಿಲ್ಲ ಅಂತ. ಬೆಟ್ಟಿಗೆ ಹೃದಯದ ಮಾತ್ರೆ ಇದೆ. ಅದನ್ನೇ ಮತ್ತೆ ಮತ್ತೆ ನುಂಗಿಸುತ್ತಾಳೆ. ಯಾಕೆ ಹೀಗೆ ಮಾಡುತ್ತೀಯ ಅಂತ ಅಜ್ಜಿ ಕೇಳಿದಾಗ, ಲೋಕ ಒಳ್ಳೆಯದಾಗಲಿ ಅಂತ ಅನ್ನುತ್ತಾಳೆ ಎಲಿಜಬೆತ್. ಕೆಟ್ಟವರು ಕೆಟ್ಟ ಕೆಲಸ ಮಾಡುವಾಗ ತಮಗೆ ತಾವೇ ಹೇಳಿಕೊಳ್ಳುವುದು ಇದನ್ನೇ ಅನ್ನುವ ಅರ್ಥದ ಉತ್ತರ ಬರುತ್ತದೆ.

ಬೆಟ್ಟಿ ಬರುವುದು ಅದೊಂದೇ ಕಂತಿಗೆ. ಕಥೆಗೆ ಬೇಕಾದ್ದು ಆ ಸಾಧನ ಮಾತ್ರ, ಬೆಟ್ಟಿ ಬೇಕಾಗಿರಲಿಲ್ಲ. ಆದರೂ ಕಂತಿನ ಒಳ್ಳೆಯ ಭಾಗವನ್ನೆಲ್ಲ ಆ ಅಜ್ಜಿಗೆ ಬಿಟ್ಟುಕೊಟ್ಟಿದ್ದಾರೆ. ಲೋಯಿಸ್ ಸ್ಮಿತ್ ಅನ್ನುವ ಹಿರಿಯ ನಟಿ ಮಾಡಿದ ಪಾತ್ರ. ಬೇರೇನೂ ನೋಡದಿದ್ದರೂ ಇದನ್ನು ನೋಡಿ.

ಯಂಗ್‌-ಹೀ ಕಥೆಯನ್ನು ಬೇಗ ಮುಗಿಸುತ್ತೇನೆ, ಹೇಳಲು ಕಷ್ಟವಾಗುತ್ತದೆ. ಕೊರಿಯಾದಿಂದ ಬಂದ ಹೆಣ್ಣು, ಮನೆಮನೆಗೆ ಹೋಗಿ ಸೌಂದರ್ಯ ಸಾಧನ ಮಾರುತ್ತಾಳೆ. ಅವಳ ಗಂಡನ ಪ್ರಯೋಗಾಲಯದ ಗುಟ್ಟು ಬೇಕು. ಎಲಿಜಬೆತ್ ಅವಳ ಸ್ನೇಹ ಮಾಡುತ್ತಾಳೆ, ಆ ಸ್ನೇಹ ನಿಜವಾಗಿಯೇ ಇಷ್ಟವಾಗುತ್ತದೆ. ಇಡೀ ಧಾರಾವಾಹಿಯಲ್ಲಿ ಎಲಿಜಬೆತ್ ಮನಸ್ಸು ಬಿಚ್ಚಿ ನಗುವುದು ಅವಳ ಜೊತೆ ಮಾತ್ರ. ಆಮೇಲೆ ಅವಳ ಗಂಡನನ್ನು ಬಲೆಗೆ ಕೆಡವಿ ಆ ಸಂಸಾರ ಒಡೆಯುತ್ತಾಳೆ. ಗಂಡನಿಗೆ ಏನೋ ಆಗಿದೆ, ನನಗೆ ನೀನು ಬೇಕು ಅಂತ ಯಂಗ್‌-ಹೀ ಫೋನಿನಲ್ಲಿ ಬಿಟ್ಟ ಸಂದೇಶವನ್ನು ಎಲಿಜಬೆತ್ ಕೂತು ಕೇಳುತ್ತಾಳೆ. ಕೆಲಸ ಯಶಸ್ವಿ.

ಇಷ್ಟೆಲ್ಲ ಕ್ರೌರ್ಯ ಮಾಡುವ ಇಬ್ಬರನ್ನು ನಾವು 75 ಕಂತು ಯಾಕೆ ಸಹಿಸುತ್ತೇವೆ? ಅಷ್ಟೇ ಅಲ್ಲ, ಸಿಕ್ಕಿಬೀಳದಿರಲಿ ಅಂತ ಹಾರೈಸುತ್ತೇವೆ. ಅದಕ್ಕೆ ಕಾರಣ ಹಲ್ಲು ಕೀಳುವ ದೃಶ್ಯ. ಎಫ್‌ಬಿಐಯವರ ಜೊತೆ ಹೊಡೆದಾಟದಲ್ಲಿ ಎಲಿಜಬೆತ್‌ನ ದವಡೆಗೆ ಪೆಟ್ಟು ಬಿದ್ದಿದೆ. ಹಲ್ಲಿನ ಡಾಕ್ಟರ ಹತ್ತಿರ ಹೋದರೆ ಸಿಕ್ಕಿಬೀಳುತ್ತಾಳೆ, ಎಫ್‌ಬಿಐ ಅಲ್ಲೆಲ್ಲ ವಿಚಾರಿಸುತ್ತಿದೆ. ಮನೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಜಾಗದಲ್ಲಿ, ಫಿಲಿಪ್ ಇಕ್ಕಳ ಹಿಡಿದು ಅವಳ ಹಲ್ಲು ಕೀಳುತ್ತಾನೆ. ಮೇಲೆ ಮಕ್ಕಳಿದ್ದಾರೆ, ಕೂಗುವ ಹಾಗಿಲ್ಲ. ಒಂದು ಮಾತಿಲ್ಲ. ಅವಳು ಬಾಯಿ ತೆರೆದು ಅವನ ಕಣ್ಣನ್ನೇ ನೋಡುತ್ತಾಳೆ. ಕ್ಯಾಮೆರಾ ಇಬ್ಬರ ಮುಖದ ಹತ್ತಿರವೇ ಇರುತ್ತದೆ. ಇದಕ್ಕಿಂತ ಆಪ್ತವಾದ ದೃಶ್ಯ ಆರು ಸೀಸನ್‌ಗಳಲ್ಲಿ ಇಲ್ಲ. ಮದುವೆಯ ಕಥೆ ಅನ್ನುವವರ ಮಾತು ಇಲ್ಲಿ ನೂರಕ್ಕೆ ನೂರು ಸರಿ. ನಾವು ಈ ಇಬ್ಬರ ಜೊತೆ ಸಿಕ್ಕಿಹಾಕಿಕೊಳ್ಳುವುದು ಇಂಥ ಕಡೆ. ಮಾರ್ಥಾ ಬಂದಾಗ ಬಿಡಿಸಿಕೊಳ್ಳಲು ಆಗುವುದಿಲ್ಲ.

ಐದನೇ ಸೀಸನ್ ಬಗ್ಗೆಯೂ ಒಂದು ಮಾತು. ಅದು ನಿಧಾನ. ಅಭಿಮಾನಿಗಳೂ ಆಕಳಿಸಿದರು. ಒಂದು ಹೆಣ ತೆಗೆಯಲು ಗುಂಡಿ ತೋಡುವುದನ್ನು ನಿಮಿಷಗಟ್ಟಲೆ ತೋರಿಸುತ್ತಾರೆ. ನನಗೆ ಗುಂಡಿ ಇಷ್ಟವಾಯಿತು, ಗೋಧಿಯ ಕಥೆ ಮೊದಲು ಇಷ್ಟವಾಗಲಿಲ್ಲ. ಅಮೆರಿಕದವರು ರಷ್ಯಾದ ಗೋಧಿ ಬೆಳೆಗೆ ಕೀಟ ಬಿಡಲು ಹೊರಟಿದ್ದಾರೆ ಅಂತ ಮಾಸ್ಕೋ ನಂಬುತ್ತದೆ. ಅದನ್ನು ತಡೆಯಲು ಇವರು ಪ್ರಯೋಗಾಲಯದ ಒಬ್ಬ ನೌಕರನನ್ನು ಕೊಲ್ಲುತ್ತಾರೆ. ಆಮೇಲೆ ನೋಡಿದರೆ ಅಲ್ಲಿ ಬೆಳೆಸುತ್ತಿದ್ದದ್ದು ಕೀಟಕ್ಕೆ ಬಗ್ಗದ ಗೋಧಿ ತಳಿ, ಹಸಿದವರಿಗಾಗಿ. ಆ ನೌಕರ ಸತ್ತದ್ದು ಪೂರ್ತಿ ವ್ಯರ್ಥ. ಫಿಲಿಪ್ ಒಳಗೆ ಏನೋ ಮುರಿಯುವುದು ಇಲ್ಲಿ. ಆರನೇ ಸೀಸನ್ ಹೊತ್ತಿಗೆ ಅವನು ಗೂಢಚಾರಿಕೆ ಬಿಟ್ಟು ಬರೀ ಟ್ರಾವೆಲ್ ಏಜೆನ್ಸಿ ನೋಡಿಕೊಳ್ಳುತ್ತಿರುತ್ತಾನೆ, ಅದರಲ್ಲೂ ಸಾಲ ಮಾಡಿಕೊಂಡು.

ಇದೇ ಐದನೇ ಸೀಸನ್‌ನಲ್ಲಿ ಇನ್ನೊಂದು ಮದುವೆ ನಡೆಯುತ್ತದೆ. ಫಿಲಿಪ್ ಮತ್ತು ಎಲಿಜಬೆತ್ ಒಬ್ಬ ರಷ್ಯನ್ ಪಾದ್ರಿಯ ಮುಂದೆ, ರಾತ್ರಿ, ಯಾರಿಗೂ ತಿಳಿಯದ ಹಾಗೆ, ತಮ್ಮ ನಿಜವಾದ ಹೆಸರಿನಲ್ಲಿ ಮದುವೆಯಾಗುತ್ತಾರೆ. ಮಿಖಾಯಿಲ್ ಮತ್ತು ನದೇಜ್ದಾ. ಮಾರ್ಥಾಳ ಮದುವೆಯಂದು ಎಲಿಜಬೆತ್ ಕೇಳಿದ ಪ್ರಶ್ನೆಗೆ ನಾಲ್ಕು ಸೀಸನ್ ಆದ ಮೇಲೆ ಸಿಕ್ಕ ಉತ್ತರ. ಎಷ್ಟು ಚಂದ ಅಲ್ವಾ? ಆದರೆ ಎಫ್‌ಬಿಐ ಮುಂದೆ ಬೆನ್ನು ಹತ್ತುವುದು ಆ ಪಾದ್ರಿಯನ್ನೇ. ಅವನನ್ನು ಭೇಟಿಯಾಗಲು ಹೋದ ಫಿಲಿಪ್ ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಓಡಬೇಕಾಗುತ್ತದೆ. ಬದುಕಿನಲ್ಲಿ ಮಾಡಿದ ಒಂದೇ ಒಂದು ಸುಳ್ಳಿಲ್ಲದ ಕೆಲಸ ಅವರನ್ನು ಸಿಕ್ಕಿಸುತ್ತದೆ.

ಈಗ ಮಕ್ಕಳು. ಮೂರನೇ ಸೀಸನ್‌ನಲ್ಲಿ ಪೇಜ್ ಅಪ್ಪ ಅಮ್ಮನನ್ನು ಅಡುಗೆಮನೆಯಲ್ಲಿ ಕೂರಿಸಿ, ನಿಜ ಹೇಳಿ ಅನ್ನುತ್ತಾಳೆ. ಇಂಥ ದೃಶ್ಯವನ್ನು ಧಾರಾವಾಹಿಗಳು ಕೊನೆಯವರೆಗೆ ಮುಂದೂಡುತ್ತವೆ. ಇವರು ಮುಂದೂಡಲಿಲ್ಲ. ಹೇಳಿಬಿಡುತ್ತಾರೆ. ಆಮೇಲೆ ಆ ಹುಡುಗಿಗೆ ನಿದ್ದೆ ಇಲ್ಲ. ಸ್ನೇಹಿತರ ಜೊತೆ ಮಾತಿಲ್ಲ. ತಾನು ನಂಬಿದ, ತನ್ನ ಚರ್ಚಿನ ಪಾದ್ರಿಗೆ ಫೋನ್ ಮಾಡಿ ಎಲ್ಲ ಹೇಳಿಬಿಡುತ್ತಾಳೆ, ಹೇಳಿದ ಮೇಲೆ ಆ ಪಾದ್ರಿಯ ಮೇಲೂ ಕಣ್ಣಿಡಬೇಕಾದ ಸ್ಥಿತಿ ಅವಳದ್ದಾಗುತ್ತದೆ. ಪೇಜ್ ಪಾತ್ರ ಕಿರಿಕಿರಿ ಅಂತ ಹೇಳುವವರು ತುಂಬ ಜನ ಇದ್ದಾರೆ. ಆ ವಯಸ್ಸಿನ ಹುಡುಗಿಗೆ ಈ ಭಾರ ಹೊರಿಸಿದರೆ ಅವಳು ಇನ್ನು ಹೇಗಿರಬೇಕಿತ್ತು?

ಹೆನ್ರಿಗೆ ಮಾತ್ರ ಏನೂ ಹೇಳುವುದಿಲ್ಲ. ಅವನು ಆರು ಸೀಸನ್ ಉದ್ದಕ್ಕೂ ಬಾಗಿಲಾಚೆ ಇರುವ ಹುಡುಗ. ವಿಡಿಯೋ ಗೇಮ್, ಐಸ್ ಹಾಕಿ, ಆಮೇಲೆ ದೂರದ ಬೋರ್ಡಿಂಗ್ ಶಾಲೆ. ಬರಹಗಾರರಿಗೆ ಅವನು ಮರೆತೇ ಹೋಗಿದ್ದಾನೆ ಅಂತ ನೋಡುಗರು ಹಾಸ್ಯ ಮಾಡುತ್ತಿದ್ದರು. ಮನೆಯಲ್ಲಿ ಅವನ ಜೊತೆ ಹೆಚ್ಚು ಹೊತ್ತು ಕಳೆದವನು ಯಾರು ಗೊತ್ತಾ? ಎದುರು ಮನೆಯ ಸ್ಟಾನ್.

ಕೊನೆಯ ಕಂತು 1987ರ ಡಿಸೆಂಬರ್‌ನಲ್ಲಿ ನಡೆಯುತ್ತದೆ. ಗೋರ್ಬಚೆವ್ ವಾಷಿಂಗ್ಟನ್‌ಗೆ ಬಂದಿದ್ದಾರೆ, ಮಧ್ಯಮ ವ್ಯಾಪ್ತಿಯ ಅಣು ಕ್ಷಿಪಣಿಗಳನ್ನು ನಾಶ ಮಾಡುವ ಒಪ್ಪಂದಕ್ಕೆ ಡಿಸೆಂಬರ್ 8ರಂದು ಸಹಿ ಬಿತ್ತು, ಅದು ಇತಿಹಾಸ. ಅದೇ ದಿನಗಳಲ್ಲಿ ಒಂದು ಪಾರ್ಕಿಂಗ್ ಜಾಗದಲ್ಲಿ ಸ್ಟಾನ್ ಬಂದೂಕು ಹಿಡಿದು ಫಿಲಿಪ್, ಎಲಿಜಬೆತ್ ಮತ್ತು ಪೇಜ್ ಎದುರು ನಿಲ್ಲುತ್ತಾನೆ. ಸುಮಾರು ಹತ್ತು ನಿಮಿಷದ ದೃಶ್ಯ. ಒಂದು ಗುಂಡೂ ಹಾರುವುದಿಲ್ಲ. ನಾಲ್ಕು ಜನ ನಿಂತು ಮಾತಾಡುತ್ತಾರೆ, ಅಷ್ಟೇ. ನೀನು ನನ್ನ ಆಪ್ತ ಸ್ನೇಹಿತನಾಗಿದ್ದೆ ಅನ್ನುವ ನೋವೇ ಸ್ಟಾನ್‌ನ ಎಲ್ಲ ಮಾತಿನ ಅಡಿಯಲ್ಲಿದೆ. ಎದುರು ಮನೆಯ ಕಾಕತಾಳೀಯವನ್ನು ಕ್ಷಮಿಸಿದೆ ಅಂದೆನಲ್ಲ, ಅದು ಇಲ್ಲಿ. ಬೇರೆ ಯಾವ ಎಫ್‌ಬಿಐ ಅಧಿಕಾರಿಯೂ ಅಷ್ಟು ಹೊತ್ತು ಬಂದೂಕು ಹಿಡಿದು ಸುಮ್ಮನೆ ನಿಲ್ಲುತ್ತಿರಲಿಲ್ಲ. ಫಿಲಿಪ್ ಪಾತ್ರದ ಮ್ಯಾಥ್ಯೂ ರೀಸ್‌ಗೆ ಆ ವರ್ಷ ಎಮ್ಮಿ ಪ್ರಶಸ್ತಿ ಬಂತು, ಈ ಕಂತಿನ ಬರವಣಿಗೆಗೂ ಬಂತು. ಸ್ಟಾನ್ ಪಾತ್ರದ ನೋವಾ ಎಮರಿಕ್‌ಗೆ ಬರಬೇಕಿತ್ತು ಅನ್ನುವುದು ನನ್ನ ದೂರು. ಆ ದೃಶ್ಯ ನಿಂತಿರುವುದು ಸ್ಟಾನ್‌ನ ಮುಖದ ಮೇಲೆ.

ಸ್ಟಾನ್ ಅವರನ್ನು ಬಿಟ್ಟುಬಿಡುತ್ತಾನೆ. ಅವರು ರೈಲಿನಲ್ಲಿ ಕೆನಡಾ ಕಡೆಗೆ ಹೊರಡುತ್ತಾರೆ. ಗಡಿಯ ನಿಲ್ದಾಣದಲ್ಲಿ ತಪಾಸಣೆ ಮುಗಿದು ರೈಲು ಹೊರಡುವಾಗ ಎಲಿಜಬೆತ್ ಕಿಟಕಿಯಾಚೆ ನೋಡುತ್ತಾಳೆ. ಪೇಜ್ ಪ್ಲಾಟ್‌ಫಾರ್ಮಿನ ಮೇಲೆ ನಿಂತಿದ್ದಾಳೆ. ಹೇಳದೆ ಇಳಿದುಬಿಟ್ಟಿದ್ದಾಳೆ. ಹೆನ್ರಿಯನ್ನು ಮೊದಲೇ ಬಿಟ್ಟು ಬಂದಾಗಿದೆ. ಸ್ಟಾನ್ ಆ ಹುಡುಗನ ಶಾಲೆಗೆ ಹೋಗಿ, ಹಾಕಿ ಮೈದಾನದ ಬಳಿ ಅವನನ್ನು ಕೂರಿಸಿ ಎಲ್ಲ ಹೇಳುತ್ತಾನೆ. ಆ ಮಾತು ನಮಗೆ ಕೇಳಿಸುವುದಿಲ್ಲ.

2010ರ ನಿಜ ಘಟನೆಯಲ್ಲೂ ಇಂಥ ಇಬ್ಬರು ಹುಡುಗರಿದ್ದರು. ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ, ಕೆನಡಾದವರ ಹೆಸರಿನಲ್ಲಿ ಇದ್ದ ದಂಪತಿಯ ಮಕ್ಕಳು. ಎಫ್‌ಬಿಐ ಮನೆಗೆ ನುಗ್ಗಿದ ದಿನ ದೊಡ್ಡವನ 20ನೇ ಹುಟ್ಟುಹಬ್ಬ. ಇಬ್ಬರೂ ಕೆನಡಾದಲ್ಲಿ ಹುಟ್ಟಿದವರು, ಆದರೂ ಪೌರತ್ವ ಹೋಯಿತು. ಚಿಕ್ಕವನು ಕೋರ್ಟಿಗೆ ಹೋದ. 2019ರ ಡಿಸೆಂಬರ್‌ನಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಅವನ ಪರ ತೀರ್ಪು ಕೊಟ್ಟಿತು. ಒಂಬತ್ತು ವರ್ಷ ಹಿಡಿಯಿತು. ವಿಯೆನ್ನಾದಲ್ಲಿ ಕೈದಿಗಳನ್ನು ಅದಲುಬದಲು ಮಾಡಲು ಎರಡು ವಾರ ಸಾಕಾಗಿತ್ತು.

ಇನ್ನೊಂದು ಪ್ರಶ್ನೆಗೆ ಉತ್ತರಿಸಿ ನಿಲ್ಲಿಸುತ್ತೇನೆ, ಯಾಕಂದರೆ ನೋಡಿದವರೆಲ್ಲ ಇದನ್ನು ಕೇಳಿಯೇ ಕೇಳುತ್ತಾರೆ. ಸ್ಟಾನ್‌ನ ಎರಡನೇ ಹೆಂಡತಿ ರೆನೇ ಕೆಜಿಬಿಯವಳಾ? ಪಾರ್ಕಿಂಗ್ ಜಾಗದಿಂದ ಹೊರಡುವ ಮುಂಚೆ ಫಿಲಿಪ್ ಹೇಳುತ್ತಾನೆ, ಅವಳೂ ನಮ್ಮವಳಿರಬಹುದು, ನನಗೆ ಖಚಿತವಿಲ್ಲ ಅಂತ. ಸ್ನೇಹಿತನ ಮೇಲಿನ ಕಾಳಜಿಯಿಂದಲೇ ಹೇಳುತ್ತಾನೆ. ಧಾರಾವಾಹಿ ಉತ್ತರ ಕೊಡದೆ ಮುಗಿಯುತ್ತದೆ. ನನ್ನನ್ನು ಕೇಳಿದರೆ, ಅವಳು ಹೌದೋ ಅಲ್ಲವೋ ಅನ್ನುವುದರಲ್ಲಿ ನನಗೆ ಅಷ್ಟು ಕುತೂಹಲವಿಲ್ಲ. ಸ್ಟಾನ್ ಆ ರಾತ್ರಿ ಮನೆಗೆ ಹೋಗಿ ಅವಳ ಪಕ್ಕದಲ್ಲಿ ಮಲಗಬೇಕು. ಮಾರನೆಯ ದಿನ ಅವಳು ಕಾಫಿ ಕೊಟ್ಟಾಗ ತೆಗೆದುಕೊಳ್ಳಬೇಕು. ಕೇಳಿದರೆ ಮದುವೆ ಮುರಿಯಬಹುದು, ಕೇಳದಿದ್ದರೆ ಮಾರ್ಥಾ ಆಗಬಹುದು. ವರ್ಷಗಟ್ಟಲೆ ಮಾರ್ಥಾಳ ಕಚೇರಿಯಲ್ಲೇ ಕೆಲಸ ಮಾಡಿದ ಮನುಷ್ಯ ಅವನು.